ಕಾವೇರಿಗೆ ಬಂದ್, ಕೊಕ್ಕಡಕ್ಕೆ ಮೌನ: ಜನರ ಸಿಟ್ಟು ಸರಿಯಾದ ಕಡೆಗೇ ಹರಿಯುತ್ತಿದೆಯಾ?

ಪರ

ಕಾವೇರಿಗಾಗಿ ಬೀದಿಗಿಳಿಯುವವರನ್ನು ಸುಮ್ನೆ ಭಾವುಕರು ಅಂತ ತಳ್ಳಿಹಾಕುವವರು ಮಳೆ ಕೈಕೊಟ್ಟ ವರ್ಷ ಮಂಡ್ಯದಲ್ಲಿ ಇದ್ದು ನೋಡಬೇಕು. ಬೆಳಿಗ್ಗೆ ಪೇಪರ್ ಬಂದರೆ ಮೊದಲು ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟ. ಕಟ್ಟೆ ತುಂಬಿದರೆ 124.80 ಅಡಿ. ಅದಕ್ಕೆ ಎಷ್ಟು ಕಡಿಮೆ ಇದೆ ಅನ್ನುವುದರ ಮೇಲೆ ನಾಲೆಗೆ ನೀರು ಬಿಡುತ್ತಾರಾ, ಭತ್ತದ ಒಟ್ಲು ಹಾಕಬಹುದಾ, ನಿಂತ ಕಬ್ಬು ಉಳಿಯುತ್ತದಾ ಎಲ್ಲವೂ ನಿಂತಿದೆ.

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್, 10 ದಿನ 15,000 ಕ್ಯೂಸೆಕ್‌ನಂತೆ ತಮಿಳುನಾಡಿಗೆ ನೀರು ಬಿಡಿ ಎಂದಿತು. ಆ ವರ್ಷ ಮಳೆಯೇ ಸರಿಯಾಗಿ ಆಗಿರಲಿಲ್ಲ. ರೈತ ಸಿಟ್ಟಾಗದೆ ಇನ್ನೇನು ಮಾಡಬೇಕಿತ್ತು? ಬೆಂಗಳೂರಿನ ನಲ್ಲಿಗೆ ಬರುವುದೂ ಇದೇ ನೀರು. ಹಾಗಾಗಿ ಊರು, ನಗರ ಎರಡೂ ಒಟ್ಟಿಗೆ ಎದ್ದವು.

ಬಂದ್ ಅಂದರೆ ಕೂಲಿಯವರ ಒಂದು ದಿನದ ಅನ್ನ ಹೋಗುತ್ತದೆ. ಅದನ್ನು ಎಲ್ಲ ವಿಷಯಕ್ಕೂ ಕೇಳಲಾಗುವುದಿಲ್ಲ. ಲಕ್ಷಾಂತರ ಮನೆಗಳ ಬದುಕು ಒಂದೇ ಆದೇಶಕ್ಕೆ ಸಿಕ್ಕಿಕೊಂಡಾಗ ಕೇಳಬಹುದು. ಜನ ಎಚ್ಚರವಾಗಿದ್ದರು ಅಂತಲೇ ಯಾವ ಪಕ್ಷದ ಸರ್ಕಾರವೂ ಈ ಕೇಸನ್ನು ಕೈಬಿಡಲು ಧೈರ್ಯ ಮಾಡಲಿಲ್ಲ. ಸರ್ಕಾರಗಳು ಬದಲಾದರೂ ದಶಕಗಳ ಕಾಲ ಹಿರಿಯ ವಕೀಲ ಫಾಲಿ ನಾರಿಮನ್ ಕರ್ನಾಟಕದ ಪರ ವಾದಿಸಿದರು. 2018ರ ತೀರ್ಪಿನಲ್ಲಿ ನಮ್ಮ ಪಾಲು 270ರಿಂದ 284.75 ಟಿಎಂಸಿಗೆ ಏರಿತು.

ವಿರೋಧ

ಮಂಡ್ಯದ ರೈತನ ಸಂಕಟ ನಿಜ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಂಕಟ ದೊಡ್ಡದಿದ್ದಲ್ಲಿ ಸಿಟ್ಟು ತಾನಾಗಿ ಬರುತ್ತದೆ ಅನ್ನುವುದಾದರೆ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗೆ ಯಾಕೆ ಬರಲಿಲ್ಲ?

ಅಲ್ಲಿನ ಗೇರು ತೋಟಗಳ ಮೇಲೆ 1980ರ ದಶಕದಿಂದ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತೋಟದ ಪಕ್ಕದಲ್ಲೇ ಮನೆ, ಬಾವಿ, ತೋಡು. ಆ ಊರುಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ನಡೆಯಲಿಲ್ಲ, ಮಾತಾಡಲಿಲ್ಲ. ಸಿಂಪಡಿಸಿದ್ದು ಎಲ್ಲಿ, ಯಾರ ತೋಟಕ್ಕೆ ಅನ್ನುವುದು ಎಲ್ಲರಿಗೂ ಗೊತ್ತು. ಕಷ್ಟ ಇರುವುದೇ ಅಲ್ಲಿ. ತೋಟ ನಮ್ಮದೇ ರಾಜ್ಯ ಸರ್ಕಾರದ ಗೇರು ಅಭಿವೃದ್ಧಿ ನಿಗಮದ್ದು. ಬೈಯಲು ಪಕ್ಕದ ರಾಜ್ಯವಿಲ್ಲ, ಸುಡಲು ಇನ್ನೊಂದು ಭಾಷೆಯ ನಂಬರ್ ಪ್ಲೇಟ್ ಇಲ್ಲ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಸುಟ್ಟುಹೋದ ಬಸ್ಸುಗಳಿಂದ ಯಾವ ಗದ್ದೆಗೂ ನೀರು ಹರಿಯಲಿಲ್ಲ, ಅಲ್ವಾ?

ಗಡಿ ದಾಟಿ ಕಾಸರಗೋಡಿಗೆ ಹೋದರೆ ಅದೇ ವಿಷ, ಅದೇ ಗೇರು ಮರ. ಅಲ್ಲೂ ತೋಟ ಸರ್ಕಾರಿ ನಿಗಮದ್ದೇ. ಕೇರಳದಲ್ಲಿ ಅದು ಇಡೀ ರಾಜ್ಯದ ಪ್ರಶ್ನೆಯಾಯಿತು. 2011ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಅಚ್ಯುತಾನಂದನ್ ನಿಷೇಧಕ್ಕಾಗಿ ಉಪವಾಸ ಕೂತರು. ಮರುತಿಂಗಳು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಅದೇ ಕೋರ್ಟ್ ಹೇಳಿತು. ನಮ್ಮಲ್ಲಿ ಮಾಸಾಶನ ಬಂತು, ಕೊಕ್ಕಡದಲ್ಲಿ ಡೇ ಕೇರ್ ಕೇಂದ್ರ ಬಂತು. ಅದು ಸಣ್ಣದಲ್ಲ. ಆದರೆ ಅದಕ್ಕಾಗಿ ಹೋರಾಡಿದವರು ಆ ಊರಿನ ಜನ ಮತ್ತು ಜೊತೆಗೆ ನಿಂತ ಕೆಲವರು. ಬೆಂಗಳೂರು ಒಂದು ದಿನವೂ ಅಂಗಡಿ ಮುಚ್ಚಲಿಲ್ಲ.

ಮಲಗಿದಲ್ಲೇ ಇರುವ ಮಗುವನ್ನು ಬಿಟ್ಟು ತಾಯಿ ಧರಣಿಗೆ ಹೇಗೆ ಬರಬೇಕು? ಬೀದಿಗೆ ಬರಲಾಗದವರ ನೋವು ಲೆಕ್ಕಕ್ಕೇ ಸಿಗದಿದ್ದರೆ ಜನರ ಸಿಟ್ಟು ಸರಿಯಾಗಿ ಹರಿಯುತ್ತಿದೆ ಅಂತ ನಾನು ಒಪ್ಪಲಾರೆ. ಆಗಿನ ಮಕ್ಕಳು ಈಗ ದೊಡ್ಡವರು, ಅಪ್ಪ ಅಮ್ಮ ಮುದುಕರು. ತಾವು ಹೋದ ಮೇಲೆ ಇವರಿಗೆ ಸ್ನಾನ ಮಾಡಿಸುವವರು, ಊಟ ತಿನ್ನಿಸುವವರು ಯಾರು ಅಂತ ಅವರು ಕೇಳುತ್ತಲೇ ಇದ್ದಾರೆ. ಹಗಲು ನೋಡಿಕೊಂಡು ಸಂಜೆ ಮನೆಗೆ ಕಳಿಸುವ ಕೇಂದ್ರ ಅವರಿಗೆ ಸಾಲದು. ಶಾಶ್ವತ ಪುನರ್ವಸತಿ ಕೇಂದ್ರ ಬೇಕು ಅನ್ನುವುದು ಅವರ ಬಹುದಿನದ ಬೇಡಿಕೆ.