ರೋಮ್‌ಗೆ ಹೋದರೆ ಒಂದು ದಿನ ಓಸ್ತಿಯಾಗೆ ಕೊಡಿ

ಯುರೋಪ್ ಟೂರ್ ಪ್ಯಾಕೇಜ್‌ಗಳಲ್ಲಿ ರೋಮ್‌ಗೆ ಸಿಗೋದು ಹೆಚ್ಚೆಂದರೆ ಒಂದೂವರೆ ದಿನ. ಕೊಲೋಸಿಯಮ್ ಮುಂದೆ ಗ್ರೂಪ್ ಫೋಟೋ, ಟ್ರೆವಿ ಕಾರಂಜಿಗೆ ಒಂದು ನಾಣ್ಯ, ವ್ಯಾಟಿಕನ್ ಕ್ಯೂ, ರಾತ್ರಿ ಯಾವುದೋ ಇಂಡಿಯನ್ ಹೋಟೆಲ್‌ನಲ್ಲಿ ಅನ್ನ, ದಾಲ್. ತಪ್ಪೇನಿಲ್ಲ ಬಿಡಿ, ಅವರವರ ರಜೆ, ಅವರವರ ದುಡ್ಡು. ಆದರೆ ತಾವೇ ಟಿಕೆಟ್ ಮಾಡಿಕೊಂಡು, ತಮಗೆ ಬೇಕಾದಷ್ಟು ದಿನ ಇಟ್ಟುಕೊಂಡು ಹೋಗುವವರೂ ಅದೇ ಪಟ್ಟಿ ಹಿಡಿದು ಓಡುತ್ತಾರಲ್ಲ, ಅದು ನನಗೆ ಅರ್ಥವಾಗಲ್ಲ. ಅಂಥವರು ಕೇಳಿದಾಗೆಲ್ಲ ನಾನು ಹೇಳೋದು ಒಂದೇ. ಓಸ್ತಿಯಾ ಆಂತಿಕಾ ನೋಡಿ.

ಇದು ಹಳೇ ರೋಮ್‌ನ ಬಂದರು ಪಟ್ಟಣ. ಟೈಬರ್ ನದಿ ಸಮುದ್ರ ಸೇರುವ ಕಡೆ ಇತ್ತು. ಪೋರ್ತಾ ಸಾನ್ ಪಾವೋಲೋ ಸ್ಟೇಷನ್‌ನಲ್ಲಿ ಲೋಕಲ್ ಟ್ರೈನ್ ಹತ್ತಿದರೆ ಸುಮಾರು ಅರ್ಧ ಗಂಟೆ. ರೋಮ್‌ನ ಬಸ್ಸು, ಮೆಟ್ರೋಗೆ ತಗೊಳ್ಳುವ ಮಾಮೂಲಿ ಟಿಕೆಟ್ಟೇ ಸಾಕು. ಕೊಲೋಸಿಯಮ್ ಥರ ಹೆಸರು ಕೊಟ್ಟು, ಸಮಯ ಹಿಡಿದು, ವಾರಗಟ್ಟಲೆ ಮೊದಲೇ ಬುಕ್ ಮಾಡುವ ರಗಳೆ ಇಲ್ಲ.

ಕೊಲೋಸಿಯಮ್ ಬೇಡ ಅಂತ ನಾನು ಹೇಳ್ತಿಲ್ಲ. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಅದನ್ನು ಉದ್ಘಾಟನೆ ಮಾಡಿದಾಗ ಜನ ಬಾಯಿಬಿಟ್ಟು ನೋಡಿರಬೇಕು, ಈಗಲೂ ಹಾಗೇ ನೋಡ್ತಾರೆ. ಕಟ್ಟಿಸಿದ್ದೇ ಅದಕ್ಕೆ. ಆದರೆ ಅಲ್ಲಿ ಕಾಣೋದು ರಾಜರು ಜನರಿಗೆ ಏನು ತೋರಿಸಬೇಕು ಅಂತಿದ್ದರೋ ಅದು. ಆ ಜನ ಎಲ್ಲಿ ಬಾಡಿಗೆಗೆ ಇದ್ದರು, ಎಲ್ಲಿ ಊಟ ಮಾಡುತ್ತಿದ್ದರು, ಅವರ ರೊಟ್ಟಿಗೆ ಹಿಟ್ಟು ಎಲ್ಲಿಂದ ಬರುತ್ತಿತ್ತು? ಅದಕ್ಕೆಲ್ಲ ಉತ್ತರ ಓಸ್ತಿಯಾದಲ್ಲಿದೆ.

ಹಿಟ್ಟಿನ ಗಿರಣಿಯನ್ನೇ ತಗೊಳ್ಳಿ. ಕಪ್ಪು ಕಲ್ಲು ಹಾಸಿದ ನೆಲ, ಅದರ ಮೇಲೆ ಡಮರು ಆಕಾರದ ದೊಡ್ಡ ದೊಡ್ಡ ಬೀಸುವ ಕಲ್ಲುಗಳು. ಲಾವಾ ಕಲ್ಲು. ಮುಟ್ಟಿದರೆ ಒರಟು ಒರಟು. ನಡುವೆ ಎರಡೂ ಕಡೆ ಚೌಕ ತೂತು, ಮರದ ದಂಡ ಸಿಗಿಸೋಕೆ. ಕತ್ತೆಗಳನ್ನು ಕಟ್ಟಿ ತಿರುಗಿಸುತ್ತಿದ್ದರು, ಕೆಲವು ಕಡೆ ಗುಲಾಮರ ಕೈಯಲ್ಲೇ ತಿರುಗಿಸುತ್ತಿದ್ದರು. ಎರಡು ಕಲ್ಲಿನ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ. ಒಂದು ಪ್ರಾಣಿ ಸುತ್ತು ಹಾಕೋಕೆ ಎಷ್ಟು ಬೇಕೋ ಅಷ್ಟೇ, ಒಂದಿಂಚೂ ಜಾಸ್ತಿ ಇಲ್ಲ.

ಇನ್ನೊಂದು ಬೀದಿಯಲ್ಲಿ ಹೋಟೆಲ್ ಇದೆ. ಒಳಗೆ ಕಾಲಿಡುತ್ತಿದ್ದ ಹಾಗೆ ಅಮೃತಶಿಲೆ ಹೊದಿಸಿದ ಗಲ್ಲಾ. ಕೆಳಗೆ ಪಾತ್ರೆ ತೊಳೆಯೋಕೆ ತೊಟ್ಟಿ. ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಲ್ಲಿನ ಶೆಲ್ಫ್, ಲೋಟ ತಟ್ಟೆ ಜೋಡಿಸೋಕೆ. ಗೋಡೆ ಮೇಲೆ ತಿನ್ನುವ ಪದಾರ್ಥಗಳ ಬಣ್ಣದ ಚಿತ್ರ. ಹಿಂದೆ ಸಣ್ಣ ಅಂಗಳ, ಕಾರಂಜಿ. ಇದೇ ಬೀದಿಯಲ್ಲಿ ಇಟ್ಟಿಗೆಯ ವಠಾರಗಳು. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ, ಮೂರು ನಾಲ್ಕು ಅಂತಸ್ತು ಏರುತ್ತಿದ್ದವು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇನ್ನೊಂದು ರೋಮನ್ ಊರು ಪಾಂಪೇಯಲ್ಲಿ ಶ್ರೀಮಂತರ ತೊಟ್ಟಿಮನೆಗಳು ಜಾಸ್ತಿ ಕಣ್ಣಿಗೆ ಬೀಳುತ್ತವೆ. ಬಾಡಿಗೆ ಕಟ್ಟುವವರ ಊರು ನೋಡಬೇಕು ಅಂದರೆ ಇಲ್ಲಿಗೇ ಬರಬೇಕು. ಸಾರ್ವಜನಿಕ ಕಕ್ಕಸು ಕೂಡ ಚೆನ್ನಾಗಿ ಉಳಿದಿದೆ. ಅಮೃತಶಿಲೆಯ ಬೆಂಚಿನಲ್ಲಿ ಸಾಲಾಗಿ ತೂತು, ನಡುವೆ ಒಂದು ಅಡ್ಡಗೋಡೆಯೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೆ ಇದೊಂದೇ ನೆನಪಿರೋದು, ಗ್ಯಾರಂಟಿ.

ನನಗೆ ತುಂಬಾ ಇಷ್ಟವಾಗೋದು ಮಾತ್ರ ನಾಟಕಶಾಲೆಯ ಹಿಂದಿನ ಚೌಕ. ಸುತ್ತಲೂ ಸಣ್ಣ ಸಣ್ಣ ಕೋಣೆಗಳು, ಹಡಗು ಸಾಗಣೆಯವರ, ವರ್ತಕರ ಕಚೇರಿಗಳು. ಒಂದೊಂದರ ಮುಂದೆಯೂ ನೆಲದಲ್ಲಿ ಕಪ್ಪು ಬಿಳುಪು ಕಲ್ಲಿನ ಚೂರು ಜೋಡಿಸಿ ಚಿತ್ರ ಮಾಡಿದ್ದಾರೆ. ಬೋರ್ಡ್ ಅಂತಲೇ ಇಟ್ಟುಕೊಳ್ಳಿ. ಇವರು ಸಾರ್ಡೀನಿಯಾದ ಕಾಲ್ಯಾರಿಯವರು, ಇವರು ಉತ್ತರ ಆಫ್ರಿಕಾದ ಕಾರ್ಥೇಜಿನವರು, ಇವರು ದಕ್ಷಿಣ ಫ್ರಾನ್ಸಿನ ನಾರ್ಬಾನ್‌ನವರು. ಲಿಬಿಯಾದ ಸಬ್ರಾತಾದವರ ಕಚೇರಿ ಮುಂದೆ ಒಂದು ಆನೆ. ಅಕ್ಷರ ಬಾರದವನಿಗೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಬೇಕಲ್ಲ!

ಇಷ್ಟೆಲ್ಲ ಏಕೆ ಅಂದರೆ ಹೊಟ್ಟೆಪಾಡು. ಅಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ರೋಮ್‌ನಲ್ಲಿ ಸುಮಾರು 2 ಲಕ್ಷ ಜನರಿಗೆ ಸರ್ಕಾರವೇ ಪುಕ್ಕಟೆ ಗೋಧಿ ಕೊಡುತ್ತಿತ್ತು. ಈಜಿಪ್ಟಿನಿಂದ, ಉತ್ತರ ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ದೊಡ್ಡ ಹಡಗು ನದಿಗೆ ಇಳಿಯುವಂತಿಲ್ಲ. ಸಣ್ಣ ದೋಣಿಗೆ ಇಳಿಸಿ, ಪ್ರವಾಹಕ್ಕೆ ಎದುರಾಗಿ ಎಳೆದುಕೊಂಡು ಹೋಗಬೇಕು. ಅದಕ್ಕೇ ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 42ರಲ್ಲಿ ಸ್ವಲ್ಪ ಉತ್ತರಕ್ಕೆ ಹೊಸ ಬಂದರು ಕಟ್ಟಿಸಲು ಶುರು ಮಾಡಿದ. 62ರಲ್ಲಿ ಬಿರುಗಾಳಿಗೆ ಅದರೊಳಗೇ 200 ಹಡಗು ಮುಳುಗಿದವು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆಮೇಲೆ ಟ್ರಾಜನ್ ಚಕ್ರವರ್ತಿ ಒಳಗಡೆ ಆರು ಮೂಲೆಯ ಇನ್ನೊಂದು ಕೊಳ ತೋಡಿಸಿದ. ಅದು ಈಗಲೂ ಇದೆ. ರೋಮ್‌ನ ಫ್ಯೂಮಿಚಿನೋ ಏರ್‌ಪೋರ್ಟ್‌ನಲ್ಲಿ ಇಳಿಯುವಾಗ ಕಿಟಕಿ ಪಕ್ಕದ ಸೀಟು ಸಿಕ್ಕರೆ ಹುಡುಕಿ ನೋಡಿ.

ನಮ್ಮ ಕಡೆಯ ನಂಟೂ ಸುಮ್ನೆ ಕಟ್ಟುಕಥೆ ಅಲ್ಲ. ಮಲಬಾರಿನ ಮೆಣಸು ಕೆಂಪು ಸಮುದ್ರ ದಾಟಿ, ಒಂಟೆ ಹತ್ತಿ, ನೈಲ್ ನದಿಯಲ್ಲಿ ಅಲೆಕ್ಸಾಂಡ್ರಿಯಕ್ಕೆ ಹೋಗಿ ರೋಮ್ ಸೇರುತ್ತಿತ್ತು. ವಾಪಸ್ ಬಂದದ್ದು ಬೆಳ್ಳಿ, ಬಂಗಾರ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಒಂದು ಮಡಕೆ ತುಂಬಾ ಸಿಕ್ಕವು. ಯಶವಂತಪುರದಲ್ಲಿ ಟ್ರೈನ್ ಹಿಡಿಯುವ ಎಷ್ಟು ಜನರಿಗೆ ಇದು ಗೊತ್ತು?

ಓಸ್ತಿಯಾ ಹಾಳಾದ ರೀತಿಯೂ ಬೇರೆ. ಪಾಂಪೇ ಮೇಲೆ ಕ್ರಿ.ಶ. 79ರಲ್ಲಿ ಬೂದಿ ಸುರಿದು ಎರಡು ದಿನದಲ್ಲಿ ಕಥೆ ಮುಗೀತು. ಸಿನಿಮಾಗೆ ಹೇಳಿ ಮಾಡಿಸಿದ ಸಾವು, ಅದಕ್ಕೇ ಎಲ್ಲರೂ ಅಲ್ಲಿಗೆ ಹೋಗೋದು. ಈಗ ದಿನಕ್ಕೆ 20,000 ಜನಕ್ಕಿಂತ ಜಾಸ್ತಿ ಬಿಡಲ್ಲ ಅಂತ ಮಿತಿ ಹಾಕಿದ್ದಾರೆ. ಓಸ್ತಿಯಾಗೆ ಅಂಥದ್ದೇನೂ ಆಗಲಿಲ್ಲ. ವ್ಯಾಪಾರ ಹೊಸ ಬಂದರಿನ ಕಡೆ ಹೋಯಿತು, ನದಿ ಬಾಯಲ್ಲಿ ಹೂಳು ತುಂಬಿತು, ಸುತ್ತ ಜೌಗು, ಮಲೇರಿಯಾ. ಜನ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಆಮೇಲೆ ಬಂದವರು ಅಮೃತಶಿಲೆ ಕಿತ್ತು ಸುಣ್ಣ ಸುಟ್ಟರು. 1557ರ ಪ್ರವಾಹದಲ್ಲಿ ನದಿಯೇ ಪಾತ್ರ ಬದಲಿಸಿತು. ಈಗ ಸಮುದ್ರ ಸುಮಾರು 3 ಕಿ.ಮೀ. ಆಚೆ. ನಮಗೆ ಗೊತ್ತಿರುವ ಊರುಗಳು ಖಾಲಿಯಾಗೋದು ಹೀಗೇ ಅಲ್ವಾ? ಜ್ವಾಲಾಮುಖಿ ಸಿಡಿದು ಅಲ್ಲ, ಕೆಲಸ ಇಲ್ಲದೆ.

ಒಂದು ಬೇಸರ ಇದೆ. ಇಲ್ಲಿನ ಬಹುಪಾಲು ಅಗೆತ ಮುಸೊಲಿನಿ ಕಾಲದಲ್ಲಿ, 1938ರಿಂದ 42ರ ನಡುವೆ, ರೋಮ್‌ನಲ್ಲಿ ನಡೆಸಬೇಕಿದ್ದ ವಿಶ್ವ ಪ್ರದರ್ಶನಕ್ಕಾಗಿ ಗಡಿಬಿಡಿಯಲ್ಲಿ ಆಯಿತು. ಏನು ಎಲ್ಲಿ ಸಿಕ್ಕಿತು ಅಂತ ಸರಿಯಾಗಿ ಬರೆದಿಡಲಿಲ್ಲ. ಯುದ್ಧದಿಂದಾಗಿ ಪ್ರದರ್ಶನವೂ ನಡೆಯಲಿಲ್ಲ.

ಹೋಗುವವರಿಗೆ: ಬೋರ್ಡುಗಳು ಕಮ್ಮಿ, ಓದಿಕೊಂಡು ಹೋಗಿ. ಇಲ್ಲದಿದ್ದರೆ "ಬರೀ ಇಟ್ಟಿಗೆ ಗೋಡೆ" ಅನ್ನಿಸಿ ನನ್ನನ್ನು ಬೈಯುತ್ತೀರಿ. ಕಾಲಿಗೆ ಒಳ್ಳೇ ಶೂ ಬೇಕು, ಬೀದಿ ಕಲ್ಲುಗಳು ಉಬ್ಬುತಗ್ಗು. ಜುಲೈ, ಆಗಸ್ಟ್‌ನಲ್ಲಾದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ತಿಂಗಳ ಮೊದಲ ಭಾನುವಾರ ಪ್ರವೇಶ ಫ್ರೀ. ಮಾರನೇ ದಿನ ಹೋಗಬೇಡಿ, ಸೋಮವಾರ ಬಾಗಿಲು ಹಾಕಿರುತ್ತದೆ.