'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಮಿಯಾಝಾಕಿ ಸಿನಿಮಾ ಅಲ್ಲ

ಜಪಾನಿನ ಆನಿಮೇಷನ್ ನಿರ್ದೇಶಕ ಹಯಾವೊ ಮಿಯಾಝಾಕಿಯ ಒಳ್ಳೆಯ ಸಿನಿಮಾಗಳು ಅಂತ ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳಲ್ಲಿ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಕೂಡ ಇರುತ್ತದೆ. ತಪ್ಪು. ಅದನ್ನು ನಿರ್ದೇಶಿಸಿದ್ದು ಇಸಾವೊ ತಕಾಹತಾ. ಇಬ್ಬರೂ ಸ್ಟುಡಿಯೊ ಘಿಬ್ಲಿ ಎಂಬ ಆನಿಮೇಷನ್ ಸಂಸ್ಥೆ ಕಟ್ಟಿದವರು, ಸಾಲದ್ದಕ್ಕೆ ಈ ಸಿನಿಮಾ ಮತ್ತು ಮಿಯಾಝಾಕಿಯ 'ಮೈ ನೇಬರ್ ಟೊಟೊರೊ' 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಜೋಡಿಯಾಗಿ ಬಿಡುಗಡೆಯಾದವು, ಹಾಗಾಗಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. (ಟೊಟೊರೊ ನೋಡಿ ನಕ್ಕ ಮಕ್ಕಳಿಗೆ ಅದರ ಬೆನ್ನಿಗೇ ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣ ತಂಗಿಯ ಕಥೆ! ಯಾರ ಐಡಿಯಾನೋ.) ಇಬ್ಬರ ಕೆಲಸದ ರೀತಿಯೂ ಬೇರೆ. ಮಿಯಾಝಾಕಿ ಸ್ಟೋರಿಬೋರ್ಡನ್ನು (ಸಿನಿಮಾದ ದೃಶ್ಯಗಳ ಚಿತ್ರ ಕರಡು) ತಾವೇ ಬಿಡಿಸುತ್ತಾರೆ, ತಕಾಹತಾ ಆನಿಮೇಟರ್ ಆಗಿ ಬೆಳೆದವರೇ ಅಲ್ಲ. 1991ರ 'ಓನ್ಲಿ ಯೆಸ್ಟರ್‌ಡೇ', 2013ರ 'ದ ಟೇಲ್ ಆಫ್ ದ ಪ್ರಿನ್ಸೆಸ್ ಕಗುಯಾ' ಕೂಡ ತಕಾಹತಾ ಅವರದೇ. ಆಸ್ಕರ್ ಗೆದ್ದ 'ಸ್ಪಿರಿಟೆಡ್ ಅವೇ' ಮಾತ್ರ ಮಿಯಾಝಾಕಿಯದು, ಅದನ್ನು ಪಟ್ಟಿಯಲ್ಲಿ ಹಾಗೇ ಬಿಡಿ.