ಕಟ್ಟಿಹಾಕಿದ ದೇವರು

ಕ್ರಿ.ಪೂ. 332. ಇವತ್ತಿನ ಲೆಬನಾನಿನ ಟೈರ್ ಪಟ್ಟಣಕ್ಕೆ ಅಲೆಕ್ಸಾಂಡರ್ ಮುತ್ತಿಗೆ ಹಾಕಿ ಏಳು ತಿಂಗಳಾಗುತ್ತಾ ಬಂದಿತ್ತು. ಅವನ ಜೊತೆಯಲ್ಲೇ ಇರುತ್ತಿದ್ದ ಶಕುನದವನು ಅರಿಸ್ಟಾಂಡರ್, ಬಲಿಯ ಲಕ್ಷಣ ನೋಡಿ 'ಈ ತಿಂಗಳೊಳಗೆ ಊರು ನಮ್ಮದಾಗುತ್ತದೆ' ಅಂದುಬಿಟ್ಟ. ಸುತ್ತ ಇದ್ದವರು ನಕ್ಕರು. ಅವತ್ತು ತಿಂಗಳ ಕೊನೇ ದಿನ! ಅಲೆಕ್ಸಾಂಡರ್ ಏನು ಮಾಡಿದ ಗೊತ್ತಾ? ಇವತ್ತನ್ನು 30 ಅಂತ ಎಣಿಸಬೇಡಿ, 28 ಅಂತ ಎಣಿಸಿ ಅಂತ ಅಪ್ಪಣೆ ಕೊಟ್ಟ. ಊರು ಅವತ್ತೇ ಬಿತ್ತು ಅಂತ ಹಳೇ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆಯುತ್ತಾನೆ.

ಅದಕ್ಕೂ ಎರಡು ವರ್ಷ ಮೊದಲು, ಇವತ್ತಿನ ಟರ್ಕಿಯ ಗ್ರಾನಿಕಸ್ ನದಿಯ ಹತ್ತಿರವೂ ಇದೇ ಕಥೆ. ಡೈಸಿಯೊಸ್ ಮಾಸದಲ್ಲಿ ಮ್ಯಾಸಿಡೋನಿಯದ, ಅಂದರೆ ಅಲೆಕ್ಸಾಂಡರನ ನಾಡಿನ ಅರಸರು ದಂಡು ಹೊರಡಿಸುವ ಪದ್ಧತಿ ಇಲ್ಲ ಅಂತ ಯಾರೋ ನೆನಪಿಸಿದರು. ಅದರ ಹಿಂದಿನ ಮಾಸ ಆರ್ಟೆಮಿಸಿಯೊಸ್. ಹಾಗಾದರೆ ಇದನ್ನು ಎರಡನೇ ಆರ್ಟೆಮಿಸಿಯೊಸ್ ಅಂತ ಕರೆಯಿರಿ ಅಂದ ಅಲೆಕ್ಸಾಂಡರ್. ಒಂದು ಅಧಿಕ ಮಾಸ ಹಾಕಿಸಿಕೊಂಡ, ಅಷ್ಟೇ.

ಈಗ ಇದೆಲ್ಲಾ ಯಾಕೆ ಅಂದರೆ, ಮೊನ್ನೆ ಗೆಳೆಯನೊಬ್ಬ ಊಟಕ್ಕೆ ಕೂತಾಗ 'ಹಳೇ ಗ್ರೀಕರಿಗೆ ನೂರಾರು ದೇವರು, ಅದಕ್ಕೇ ಅವರು ಬೇರೆಯವರ ದೇವರ ತಂಟೆಗೆ ಹೋಗುತ್ತಿರಲಿಲ್ಲ' ಅಂದ. ಈ ಮಾತು ಜಾಸ್ತಿ ಜನ ಹೇಳುತ್ತಾರೆ. ಅರ್ಧ ನಿಜ. ಅವರು ಬೇರೆಯವರ ದೇವರನ್ನು ಒಡೆಯುವುದಕ್ಕಿಂತ, ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಆ ಊರಿನವರಿಗೆ ಅದೇನು ಸಣ್ಣ ವಿಷಯವಲ್ಲ.

ಟೈರ್‌ನಲ್ಲಿ ಜಗಳ ಶುರುವಾಗಿದ್ದೇ ಪೂಜೆಯ ಮೇಲೆ. ಅಲ್ಲಿನ ದೊಡ್ಡ ದೇವರು ಮೆಲ್ಕಾರ್ಟ್. ಗ್ರೀಕರು ಅವನನ್ನು ತಮ್ಮ ಪುರಾಣದ ವೀರ ಹೆರಾಕ್ಲಿಸ್ ಅಂತಲೇ ಭಾವಿಸಿದ್ದರು. ಅಲೆಕ್ಸಾಂಡರ್ ತನ್ನನ್ನು ಹೆರಾಕ್ಲಿಸನ ವಂಶದವನು ಅಂತ ಹೇಳಿಕೊಳ್ಳುತ್ತಿದ್ದ. 'ನಮ್ಮ ಹಿರಿಯರ ದೇವರು, ಒಳಗೆ ಬಂದು ಬಲಿ ಕೊಡಬೇಕು' ಅಂತ ಹೇಳಿಕಳಿಸಿದ. ಕೇಳೋಕೆ ಎಷ್ಟು ಮರ್ಯಾದೆಯ ಮಾತು, ಅಲ್ವಾ? ಟೈರ್‌ನವರು ದಡ್ಡರಲ್ಲ. ದಡದ ಮೇಲಿನ ಹಳೇ ಊರಲ್ಲೂ ಅದೇ ದೇವರ ಗುಡಿ ಇದೆ, ಅಲ್ಲೇ ಕೊಡಿ ಅಂದರು. ಮೆಲ್ಕಾರ್ಟ್ ಅನ್ನುವ ಹೆಸರಿನ ಅರ್ಥವೇ 'ಊರಿನ ಅರಸ'. ಊರಿನ ಅರಸನ ಮುಂದೆ ಹೊರಗಿನ ರಾಜ ದಂಡು ಕಟ್ಟಿಕೊಂಡು ಬಂದು ನಿಂತರೆ, ಆಮೇಲೆ ಅರಸ ಯಾರು ಅನ್ನುವುದು ಅವರಿಗೆ ಗೊತ್ತಿತ್ತು.

ಊರು ಆಗ ದ್ವೀಪ. ಅಲೆಕ್ಸಾಂಡರ್ ಕಲ್ಲು, ಮರ, ಮಣ್ಣು ಸುರಿಸಿ ಕಡಲಲ್ಲೇ ದಾರಿ ಕಟ್ಟಿಸಿದ. ಊರೊಳಗೆ ದಿಗಿಲು. ಗ್ರೀಕರ ದೇವರು ಅಪೊಲೊನ ವಿಗ್ರಹವೂ ಅಲ್ಲಿತ್ತು. ಅವನು ಕನಸಲ್ಲಿ ಬಂದು 'ನಾನು ಅಲೆಕ್ಸಾಂಡರ್ ಕಡೆ ಹೋಗುತ್ತೇನೆ' ಅಂದನಂತೆ. ಜನ ಏನು ಮಾಡಿದರು? ಅಪೊಲೊ ವಿಗ್ರಹಕ್ಕೆ ಬಂಗಾರದ ಸರಪಳಿ ಹಾಕಿ ಕಟ್ಟಿಬಿಟ್ಟರು. ಇದನ್ನು ಓದಿದಾಗಲೆಲ್ಲಾ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಂಕಟ ಆಗುತ್ತದೆ. ದೇವರೂ ಗೆಲ್ಲುವವನ ಕಡೆ ಹೋಗಿಬಿಡುತ್ತಾನೆ ಅನ್ನುವ ಭಯ ಅದು.

ಊರು ಬಿದ್ದ ಮೇಲೆ ಸುಮಾರು 30,000 ಜನರನ್ನು ಗುಲಾಮರಾಗಿ ಮಾರಿದರು ಅಂತ ಇನ್ನೊಬ್ಬ ಹಳೇ ಇತಿಹಾಸಕಾರ ಏರಿಯನ್ ಬರೆದಿದ್ದಾನೆ. ಮೆಲ್ಕಾರ್ಟ್ ಗುಡಿಯೊಳಗೆ ಓಡಿಹೋಗಿದ್ದ ರಾಜ ಮತ್ತು ದೊಡ್ಡವರಿಗೆ ಮಾತ್ರ ಮಾಫಿ. ಅಪೊಲೊನ ಸರಪಳಿ ಬಿಚ್ಚಿಸಿ, 'ಅಲೆಕ್ಸಾಂಡರನನ್ನು ಪ್ರೀತಿಸುವ ಅಪೊಲೊ' ಅಂತ ಹೆಸರಿಟ್ಟರು. ಕೊನೆಗೆ ಆ ಪೂಜೆ ನಡೆಯಿತು. ಸೈನ್ಯದ ಮೆರವಣಿಗೆ, ಆಟ, ಪಂಜಿನ ಓಟ. ಕೋಟೆಗೋಡೆ ಒಡೆದ ಯಂತ್ರವನ್ನು ತಂದು ಗುಡಿಗೆ ಕಾಣಿಕೆ ಕೊಟ್ಟ. ಗೋಡೆ ಯಾರದ್ದು, ಗುಡಿ ಯಾರದ್ದು ಅಂತ ಸ್ವಲ್ಪ ಯೋಚಿಸಿ.

ಹಾಗಂತ ಅವನದ್ದು ಸುಮ್ನೆ ನಾಟಕ ಅಂತ ನನಗೆ ಅನ್ನಿಸುವುದಿಲ್ಲ. ಬ್ಯಾಬಿಲೋನಿನಲ್ಲಿ ಸಾಯುವ ಜ್ವರ ಬಂದಾಗಲೂ ಮಂಚದ ಮೇಲೆ ಹೊತ್ತುಕೊಂಡು ಹೋಗಿಸಿಕೊಂಡು ದಿನದ ಬಲಿ ಕೊಟ್ಟವನು. ನಂಬಿದ್ದ. ದೇವರು ತನ್ನ ಕಡೆಗೇ ಇದ್ದಾನೆ ಅಂತ ಇನ್ನೂ ಜಾಸ್ತಿ ನಂಬಿದ್ದ.

ಆದರೂ ಒಂದು ಸಲ ಶಕುನಕ್ಕೆ ತಲೆಬಾಗಿದ. ಕ್ರಿ.ಪೂ. 326, ಪಂಜಾಬಿನ ಬಿಯಾಸ್ ನದಿ. ಸೈನಿಕರು ಮುಂದೆ ಬರಲ್ಲ ಅಂತ ಕೂತರು. ಮೂರು ದಿನ ಡೇರೆಯೊಳಗೇ ಇದ್ದ. ಆಮೇಲೆ ನದಿ ದಾಟಲು ಬಲಿ ಕೊಟ್ಟು ನೋಡಿದರೆ, ಲಕ್ಷಣ ಚೆನ್ನಾಗಿಲ್ಲ! ಈ ಸಲ ತಾರೀಖು ಬದಲಾಯಿಸಲಿಲ್ಲ. ದಡದಲ್ಲಿ 12 ಬಲಿಪೀಠ ಕಟ್ಟಿಸಿ ವಾಪಸ್ ತಿರುಗಿದ. ಎತ್ತರ ಎಷ್ಟಿತ್ತು ಅಂದರೆ, ಕೋಟೆ ಹತ್ತುವುದಕ್ಕೆ ಕಟ್ಟುವ ದೊಡ್ಡ ಗೋಪುರಗಳಷ್ಟು.